ಸೀಲ್ ತೆಗೆದ ಭಾನುವಾರ

ನನ್ನಂಥವನಿಗೆ ಇಂಥದ್ದೆಲ್ಲ ಆಗದೆ ಇನ್ಯಾರಿಗೆ ಆಗಬೇಕು ಹೇಳಿ? ಸುಮ್ಮನೆ ಕೂತು ನನಗೆ ಅಭ್ಯಾಸವೇ ಇಲ್ಲ. ಸಿದ್ಧಕಟ್ಟೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಅಲ್ಲಿಯೂ ಕಾಗದ ತಾನಾಗಿ ಹೊರಗೆ ಬರುವವರೆಗೆ ಕಾಯಲಾರದೆ ಎಳೆದು ಹರಿದವನು ನಾನು.

ಈ ಸಲ ಕೈಗೆ ಸಿಕ್ಕಿದ್ದು ನನ್ನ ಹಳೆಯ ಬೈಕ್. ಅದರ ಮುಂದಿನ ಫೋರ್ಕಿನಿಂದ, ಅಂದರೆ ಚಕ್ರ ಹಿಡಿದಿರುವ ಆ ಎರಡು ಕೊಳವೆಗಳಿಂದ, ಎಣ್ಣೆ ಇಳಿಯುತ್ತಿತ್ತು. ಒಳಗಿನ ರಬ್ಬರ್ ಸೀಲ್ ಹೋಗಿದೆ. ಹಳೆಯದನ್ನು ಕಿತ್ತು ಹೊಸದು ಕೂರಿಸಿದರೆ ಮುಗಿಯಿತು. ವಾಮದಪದವಿನ ಮೆಕ್ಯಾನಿಕ್ಕು "ನಾಡಿದ್ದು ನೋಡುವ" ಎಂದ. ನಾಡಿದ್ದು! ನಾನು ಅಂದೇ ಮನೆಯೆದುರಿನ ಸಿಟೌಟಿನಲ್ಲಿ ಬೈಕ್ ಬಿಚ್ಚಿ ಹರಡಿದೆ. ಸೀಲ್ ಮಾತ್ರ ಜಪ್ಪಯ್ಯ ಎಂದರೂ ಬರಲಿಲ್ಲ.

ಹೆಂಡತಿ ಹೇಳಿದಳು: "ಭಾನುವಾರ ಮೂಡುಬಿದಿರೆಯಿಂದ ಅಮ್ಮ, ತಮ್ಮ ಊಟಕ್ಕೆ ಬರ್ತಾರೆ. ಅಷ್ಟರೊಳಗೆ ಇದು ಸರಿಯಾಗದಿದ್ದರೆ ಪಾಣೆಮಂಗಳೂರಿನ ಗುಜರಿಯವನಿಗೆ ಫೋನ್ ಮಾಡ್ತೇನೆ. ಮತ್ತೆ ಹೇಳಿಲ್ಲ ಅನ್ನಬೇಡಿ."

ಅವಳು ಸುಮ್ಮನೆ ಹೆದರಿಸುವವಳಲ್ಲ. ನನ್ನ ಹಳೆಯ ಟೀವಿ ಹೋದದ್ದು ಹಾಗೆಯೇ. ಮದುವೆಗೆ ಮೊದಲಿನಿಂದ ನನ್ನ ಜೊತೆಗಿದ್ದ ಗಾಡಿ ಮಾರಾಯ್ರೆ, ಗುಜರಿಗೆ ಕೊಡುವುದುಂಟಾ?

ಸೌದಿಯ ಬಿಸಿಲು

ಸ್ಕ್ರೂಡ್ರೈವರ್ ಹಾಕಿ ಮೀಟಿದೆ. ಸುತ್ತಿಗೆಯಿಂದ ಬಡಿದೆ. ಸದ್ದು ಕೇಳಿ ನೆರೆಮನೆಯ ಕಾಕ ಬಂದರು. ಬಹಳ ಕಾಲ ಸೌದಿಯಲ್ಲಿದ್ದು ಬಂದವರು.

"ಎಂಥ ಮಾರಾಯ್ರೆ, ಹಾಗೆ ಬಡಿದರೆ ಬರ್ತದಾ? ಬಿಸಿಯಾಗ್ಬೇಕು. ನಮ್ಮ ಸೌದಿಯಲ್ಲಿ ಬಿಸಿಲಿಗೆ ಇಟ್ಟರೆ ಸೀಲ್ ತನ್ನಷ್ಟಕ್ಕೆ ಹೊರಗೆ ಬರ್ತದೆ."

ಅಬ್ಬ, ತಿಳಿದವರು ಸಿಕ್ಕಿದರು! "ಕಾಕ, ನೀವು ಅಲ್ಲಿ ಗ್ಯಾರೇಜಿನಲ್ಲಿ ಇದ್ದದ್ದಾ?"

"ಅಲ್ಲಪ್ಪ. ಐಸ್‌ಕ್ರೀಮ್ ಅಂಗಡಿಯಲ್ಲಿ."

ಎಣ್ಣೆಸ್ನಾನ

ಆದರೂ ಬಿಸಿ ಎಂಬ ಮಾತು ತಲೆಯಲ್ಲಿ ಕೂತಿತು. ಬಿಸಿಲಿಗೆ ಕಾಯುವ ತಾಳ್ಮೆ ಯಾರಿಗುಂಟು? ಬಚ್ಚಲಿನ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಫೋರ್ಕನ್ನು ತಲೆಕೆಳಗು ಮಾಡಿ ಅದರೊಳಗೆ ಇಳಿಸಿದೆ. ಸೀಲ್ ಕದಲಲಿಲ್ಲ. ಒಳಗೆ ಉಳಿದಿದ್ದ ಎಣ್ಣೆ ಮಾತ್ರ ಸಲೀಸಾಗಿ ಹಂಡೆಗೆ ಇಳಿಯಿತು. ಅದು ಗೊತ್ತಾದದ್ದು ಹೆಂಡತಿ ತಲೆಗೆ ನೀರು ಹೊಯ್ದುಕೊಂಡ ಮೇಲೆ.

ಬಚ್ಚಲಿನಿಂದಲೇ ಕೂಗಿದಳು: "ಎಣ್ಣೆ ಹಚ್ಚಿ ಸ್ನಾನ ಮಾಡಿಸುವವರನ್ನು ನೋಡಿದ್ದೇನೆ. ಎಣ್ಣೆಯಲ್ಲೇ ಸ್ನಾನ ಮಾಡಿಸಿದವರು ನೀವೊಬ್ಬರೇ!"

ಅಂದು ಸಂಜೆಯೇ ಮೂಡುಬಿದಿರೆಯ ಬಸ್ಸು ಹತ್ತಿದಳು. ಭಾನುವಾರ ಅಮ್ಮನ ಜೊತೆಗೇ ಬರುವುದಂತೆ.

ಎಡಕ್ಕೊಂದು, ಬಲಕ್ಕೊಂದು

ಹೊಸ ಸೀಲನ್ನಾದರೂ ತರಿಸಿಡುವ ಎಂದು ಮೂಡುಬಿದಿರೆಯ ಭಾವನಿಗೆ, ಅಂದರೆ ಹೆಂಡತಿಯ ತಮ್ಮನಿಗೆ, ಫೋನ್ ಮಾಡಿದೆ.

"ಎರಡು ಸೀಲ್ ಬೇಕಿತ್ತು, ಅರ್ಜೆಂಟ್. ಬಸ್ಸಿನಲ್ಲಿ ಕೊಟ್ಟು ಕಳಿಸು."

"ರೌಂಡಾ ಭಾವ, ಚೌಕದ್ದಾ?"

ಸೀಲ್ ಎಲ್ಲಾದರೂ ಚೌಕ ಇರ್ತದಾ! ಪಿತ್ತ ನೆತ್ತಿಗೇರಿತು. "ರೌಂಡೇ ಮಾರಾಯ. ರಬ್ಬರಿನದ್ದು. ಬೇಗ."

"ಎರಡು ಯಾಕೆ?"

"ಎಡಕ್ಕೊಂದು, ಬಲಕ್ಕೊಂದು!" ಎಂದು ಫೋನ್ ಇಟ್ಟೆ.

ಮರುದಿನ ಬಸ್ಸಿಗೆ ಓಡಿದೆ. ಕಂಡಕ್ಟರ್ ಪೊಟ್ಟಣ ಕೊಟ್ಟ. ಬಿಚ್ಚಿದರೆ ಮರದ ಹಿಡಿಯ ಎರಡು ರಬ್ಬರ್ ಸ್ಟಾಂಪು! ಸುತ್ತಲೂ ನನ್ನ ಜೆರಾಕ್ಸ್ ಅಂಗಡಿಯ ಹೆಸರು, ನಡುವೆ 'ಸಿದ್ಧಕಟ್ಟೆ'. ನಾನು ಬೈಯಬೇಕು ಎನ್ನುವಷ್ಟರಲ್ಲಿ ಭಾವನದ್ದೇ ಫೋನು: "ಎಡಗೈಯಲ್ಲಿಯೂ ಸೀಲ್ ಒತ್ತುವಷ್ಟು ವ್ಯಾಪಾರ ಆಯ್ತಾ ಭಾವ?"

ಹಾರ

ಭಾನುವಾರ ಬೆಳಿಗ್ಗೆ ಒಂದೇ ಸಮನೆ ಚಡಪಡಿಕೆ. ಕೂತೆ, ಎದ್ದೆ, ಚಹಾ ಮಾಡಿ ಕುಡಿಯಲು ಮರೆತೆ. ಸಿಟ್ಟಿನಿಂದ ಫೋರ್ಕಿನ ಬಾಯಿಯ ಕೊಳೆ ಕೆರೆಯುತ್ತಿದ್ದಾಗ ಸೀಲಿನ ಮೇಲೆ ತುಕ್ಕು ಹಿಡಿದ ತಂತಿಯ ಬಳೆಯೊಂದು ಕಂಡಿತು. ಸೀಲನ್ನು ಹಿಡಿದಿಡುವ ಲಾಕ್ ಅದು. ಇಷ್ಟು ದಿನ ಚಿಲಕ ಹಾಕಿದ ಬಾಗಿಲನ್ನು ಎಳೆಯುತ್ತಿದ್ದೆನಲ್ಲ! ಬಳೆ ಬಿಡಿಸಿ ಮೀಟಿದೆ. ಟಪ್! ಒಂದು ಬಂತು. ಇನ್ನೊಂದೂ ಬಂತು.

ಖುಷಿ ತಡೆಯಲಾಗದೆ ಹೆಂಡತಿಗೆ ಫೋನ್ ಮಾಡಿ ಕೂಗಿದೆ: "ತೆಗೆದೆ ಮಾರಾಯ್ತಿ, ಕೊನೆಗೂ ತೆಗೆದೆ!"

"ಹೌದಾ? ನಿಜವಾಗಿಯೂ ತೆಗೆದಿರಾ? ನಾವು ಈಗಲೇ ಹೊರಟೆವು!"

ಅವಳ ಸ್ವರದಲ್ಲಿ ಅಂಥ ಸಂತೋಷ ಕೇಳಿ ನನ್ನ ಕಣ್ಣು ತುಂಬಿತು.

ಬಂದರು. ಭಾವನ ಕೈಯಲ್ಲಿ ಸೇವಂತಿಗೆ ಹಾರ, ಹೆಂಡತಿಯ ಕೈಯಲ್ಲಿ ನಿಂಬೆಹಣ್ಣು, ಅತ್ತೆಯ ಕೈಯಲ್ಲಿ ಕುಂಕುಮ, ಕರ್ಪೂರ, ತೆಂಗಿನಕಾಯಿ.

"ಹೊಸ ಗಾಡಿ ಎಲ್ಲಿ?" ಎಂದರು ಅತ್ತೆ.

ನಮ್ಮ ಕಡೆ 'ಕಾರು ತೆಗೆದ' ಎಂದರೆ ಕಾರು ಕೊಂಡ ಎಂದೇ ಅರ್ಥ. ನಾನು ಸೀಲ್ ತೆಗೆದದ್ದು ಇವಳ ಕಿವಿಗೆ ಹೊಸ ಬೈಕ್ ತೆಗೆದ ಹಾಗೆ ಕೇಳಿತ್ತು. ನಾನು ಅಂಗೈಯಲ್ಲಿ ಎರಡು ಹರಕು ಸೀಲ್ ತೋರಿಸಿದೆ. ಹೆಂಡತಿ ಫೋನಿನಲ್ಲಿ ಗುಜರಿಯವನ ನಂಬರ್ ಹುಡುಕತೊಡಗಿದಳು.

"ತಂದ ಹೂವನ್ನು ಹಿಂದೆ ಕೊಂಡುಹೋಗುವುದಾ? ಇದಕ್ಕೇ ಹಾಕುವ" ಎಂದು ಅತ್ತೆ ಹ್ಯಾಂಡಲಿಗೆ ಹಾರ ಹಾಕಿದರು. ಟ್ಯಾಂಕಿಗೆ ಕುಂಕುಮ ಇಟ್ಟರು. ಕರ್ಪೂರ ಹಚ್ಚಿ ಮಗಳಿಗೆ ಹೇಳಿದರು: "ಪೂಜೆ ಆದ ಗಾಡಿಯನ್ನು ಇನ್ನು ಗುಜರಿಗೆ ಕೊಡ್ಲಿಕ್ಕಿಲ್ಲ."

ಹೆಂಡತಿ ಫೋನ್ ಕೆಳಗಿಟ್ಟಳು. ನನ್ನ ಬೈಕ್ ಉಳಿಯಿತು! ಅತ್ತೆಯ ಕಾಲಿಗೆ ಬೀಳುವುದೊಂದು ಬಾಕಿ. ನಾವೆಲ್ಲ ಕೈಮುಗಿದು ನಿಂತೆವು.

ಅಷ್ಟರಲ್ಲಿ ಕಾಕ ಗೇಟಿನಿಂದ ಇಣುಕಿದರು. ಮುಂದಿನ ಚಕ್ರವಿಲ್ಲದೆ ಕೆಂಪುಕಲ್ಲಿನ ಮೇಲೆ ಒರಗಿದ ಬೈಕು, ಅದರ ಮೇಲೆ ಹಾರ, ಎದುರು ಕರ್ಪೂರ, ನನ್ನ ಕಣ್ಣಲ್ಲಿ ನೀರು. ಕಾಕ ಚಪ್ಪಲಿ ಕಳಚಿ, ಮೆಲ್ಲ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

"ಯಾವಾಗ ಹೋದದ್ದು ಮಾರಾಯ್ರೆ?"