ತುಟಿ ಕಾಣುವ ಹಾಗೆ

ನಾನು ಮಾವನವರನ್ನು ಮೊದಲು ಕಂಡದ್ದು, ಅವರ ಮಗಳನ್ನು ಕೊಡುತ್ತೀರಾ ಎಂದು ಕೇಳಲು ಹೋದ ದಿನ. ಹಸಿರು ರೆಕ್ಸಿನ್ನಿನ ಕುರ್ಚಿಯಲ್ಲಿ, ಕಿಟಕಿಯ ಬೆಳಕು ನೇರ ಮುಖಕ್ಕೆ ಬೀಳುವಂತೆ ನನ್ನನ್ನು ಕೂರಿಸಿದರು. ತಾವು ಎದುರಿಗೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು ನನ್ನ ಬಾಯನ್ನೇ ನೋಡತೊಡಗಿದರು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಪದವಿ ಪತ್ರವನ್ನು ಮಡಿಕೆ ಬೀಳದಂತೆ ತಂದು ತೊಡೆಯ ಮೇಲಿಟ್ಟುಕೊಂಡಿದ್ದೆ. ಅವರು ಅದರ ಕಡೆ ಕಣ್ಣು ಹಾಯಿಸಲಿಲ್ಲ. ಹಲ್ಲು ನೋಡುತ್ತಿದ್ದಾರೆಂದು ತಿಳಿದು ನಾನೇ ಬಾಯನ್ನು ಸ್ವಲ್ಪ ಅಗಲಿಸಿದೆ. (ನಮ್ಮ ಹಳ್ಳಿಯಲ್ಲಿ ಎತ್ತು ಕೊಳ್ಳುವವರು ಮಾಡುವುದು ಹಾಗೆಯೇ.)

“ವಿದ್ಯೆ ಇರ್ಲಿ, ಆ ಮೀಸೆ ಕತ್ತರಿಸ್ತೀರಾ?” ಎಂದರು ಮಾವ. “ನಿಮ್ಮ ಅರ್ಧ ಮಾತು ಅದರೊಳಗೇ ಉಳ್ಕೋತಿದೆ.”

ಬಟ್ಟೆ ಗಿರಣಿಯಲ್ಲಿ, ಮಗ್ಗಗಳ ಗದ್ದಲದ ನಡುವೆ ದುಡಿದು ಅವರ ಕಿವಿ ಪೂರ್ತಿ ಹೋಗಿತ್ತು. ಅಲ್ಲಿ ಎಲ್ಲರೂ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರಂತೆ. ಮಾವ ಆ ವಿದ್ಯೆಯಲ್ಲಿ ಪಂಡಿತರು. ಮೀಸೆ ಹೋಯಿತು, ಮದುವೆಯಾಯಿತು.

ಕಿವಿಯನ್ನು ಗದ್ದಲ ತಿಂದಂತೆ ಶ್ವಾಸಕೋಶವನ್ನು ಹತ್ತಿಯ ಧೂಳು ತಿಂದಿತ್ತು. ಈ ವರ್ಷ ಅವರನ್ನು ಆಸ್ಪತ್ರೆಗೆ ಸೇರಿಸಿದೆವು. ಸೋಂಕಿನ ಭಯಕ್ಕೆ ಅವರನ್ನಿಟ್ಟ ವಾರ್ಡಿಗೆ ಮನೆಯವರನ್ನು ಬಿಡುತ್ತಿರಲಿಲ್ಲ. ಡಾಕ್ಟರು ನನ್ನನ್ನೂ, ನನ್ನ ಹೆಂಡತಿಯ ಅಣ್ಣನಾದ ಭಾವನನ್ನೂ ಪಕ್ಕಕ್ಕೆ ಕರೆದು, ಆಪರೇಷನ್ನಿನಿಂದ ಉಪಯೋಗವಿಲ್ಲ, ಇನ್ನು ಕೆಲವು ವಾರ ಅಷ್ಟೇ ಎಂದರು. ಮನೆಯಲ್ಲಿ ಎಲ್ಲರೂ ಅತ್ತೆವು. ಅತ್ತು ಮುಗಿಸಿ ಒಂದು ತೀರ್ಮಾನಕ್ಕೆ ಬಂದೆವು: ಮಾವನಿಗೆ ಇದು ಗೊತ್ತಾಗಬಾರದು. ಎಲ್ಲರೂ ನಗುನಗುತ್ತಾ ಮಾತನಾಡಿದ ಒಂದು ವಿಡಿಯೋ ಕಳಿಸಬೇಕು.

ವಿಡಿಯೋ ಸಿದ್ಧಪಡಿಸುವ ಮಹತ್ಕಾರ್ಯ ನನ್ನ ಪಾಲಿಗೆ ಬಂತು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ಯಾವ ಯಂತ್ರ ತಂದರೂ ಕೈಪಿಡಿಯನ್ನು ಮೊದಲ ಪುಟದಿಂದ ಓದಿದ ಮೇಲೆಯೇ ಗುಂಡಿ ಒತ್ತುವವನು.

ಆದರೆ ಈ ವಿಡಿಯೋಗೆ ಮೂವರು ಯಜಮಾನರು. ಮಾವನ ಕಣ್ಣಿಗೆ ಮೊಬೈಲಿನ ಪುಟ್ಟ ಪರದೆ ಸಾಲದು. ವಾರ್ಡಿನ ಗೋಡೆಯ ಟಿವಿಯಲ್ಲೇ ತೋರಿಸಬೇಕು. ಆ ಟಿವಿ ಮುದಿಯಾದದ್ದು, ಹೊಸ ರೀತಿಯ ಫೈಲ್ ಯಾವುದೂ ಅದಕ್ಕೆ ಅರ್ಥವಾಗುವುದಿಲ್ಲ. ಹೊರಗಿನ ಪೆನ್‌ಡ್ರೈವ್ ಒಳಗೆ ಬಿಡುವುದಿಲ್ಲವಾದ್ದರಿಂದ ಫೈಲನ್ನು ನರ್ಸಮ್ಮನ ಮೊಬೈಲಿಗೆ ಕಳಿಸಬೇಕು. ಆ ಮೊಬೈಲೋ, ಅವರ ಅಕ್ಕನ ಮಕ್ಕಳ ಫೋಟೋಗಳಿಂದ ಕುತ್ತಿಗೆಯವರೆಗೆ ತುಂಬಿತ್ತು. ಗಾತ್ರ ಚಿಕ್ಕದಿರಬೇಕು, ಮುದಿ ಟಿವಿಯಲ್ಲಿ ಓಡಬೇಕು, ಅಷ್ಟಾದರೂ ತುಟಿ ಸ್ಪಷ್ಟವಾಗಿ ಕಾಣಬೇಕು.

ಚಿತ್ರೀಕರಣ ನಮ್ಮ ಮುಂದಿನ ಕೋಣೆಯಲ್ಲಿ ನಡೆಯಿತು. ಅತ್ತೆ ಮುಂದೆ ಕೂತು, “ಇನ್ನೊಂದು ವಾರಕ್ಕೆ ಮನೆಗೆ ಬರ್ತೀರಂತೆ, ಡಾಕ್ಟ್ರೇ ಹೇಳಿದ್ರು” ಎಂದು ನಕ್ಕರು. ಆ ನಗು ನೋಡಲಾರದೆ ಹಿಂದೆ ನಿಂತಿದ್ದ ನಾನು ಭಾವನ ಕಡೆ ತಿರುಗಿ ಪಿಸುಗುಟ್ಟಿದೆ: “ಇನ್ನು ಕೆಲವೇ ವಾರ ಅಂತ ಡಾಕ್ಟ್ರು ಹೇಳಿರೋದನ್ನ ಮಾವನಿಂದ ಎಷ್ಟು ದಿನ ಮುಚ್ಚಿಡೋಕಾಗುತ್ತೆ ಭಾವ?” ಆಮೇಲೆ ಹಾಕಿ ಕೇಳಿದರೆ ನನ್ನ ಪಿಸುಮಾತು ಮೈಕಿಗೆ ಸಿಕ್ಕಿತ್ತು. ಅತ್ತೆಯ ಕೈಯಲ್ಲಿ ಆ ನಗುವನ್ನು ಎರಡನೇ ಸಲ ನಗಿಸುವ ಧೈರ್ಯ ಯಾರಿಗೂ ಇರಲಿಲ್ಲ. ಅಷ್ಟು ಭಾಗದ ಶಬ್ದವನ್ನು ನಾಜೂಕಾಗಿ ಅಳಿಸಿ, ಕೊಳಲಿನ ಸಂಗೀತ ತುಂಬಿದೆ. ಗುಲಗಂಜಿಯಷ್ಟೂ ಉಳಿಯಲಿಲ್ಲ.

ಮೊದಲ ಸಲ ಎಲ್ಲ ಆಯ್ಕೆಗಳನ್ನೂ ಅತ್ಯುತ್ತಮದಲ್ಲಿಟ್ಟು ಫೈಲ್ ತೆಗೆದೆ. ಅದು ಆನೆಯ ಗಾತ್ರವಾಯಿತು. ನರ್ಸಮ್ಮನ ಮೊಬೈಲು ಬಾಗಿಲಲ್ಲೇ ತಡೆದು ವಾಪಸ್ಸು ಕಳಿಸಿತು.

ಎರಡನೆಯ ಸಲ ಕೈಪಿಡಿಯಲ್ಲಿ ಬಹಳ ಹೊಗಳಿದ್ದ ಹೊಸ ವಿಧಾನ ಬಳಸಿದೆ. ಅರ್ಧ ಗಾತ್ರ, ಅದೇ ಸ್ಪಷ್ಟತೆ. ನರ್ಸಮ್ಮ ಫೋನ್ ಮಾಡಿದರು.

“ಸರ್, ಟಿವಿ ಪೂರ್ತಿ ಕಪ್ಪು. ಮಾತು ಮಾತ್ರ ಚೆನ್ನಾಗಿ ಕೇಳಿಸ್ತಿದೆ.”

ವಾರ್ಡಿನವರೆಲ್ಲ ನಮ್ಮ ಮನೆಯ ಕ್ಷೇಮ ಸಮಾಚಾರ ಕೇಳಿ ಕಣ್ಣೊರೆಸಿಕೊಂಡರಂತೆ. ಕೇಳದೆ ಉಳಿದವರು ಮಾವ ಒಬ್ಬರೇ.

ಮೂರನೆಯ ಸಲ ಹಳೆಯ ವಿಧಾನಕ್ಕೆ ಮರಳಿ, ಗಾತ್ರವನ್ನು ನಿರ್ದಯವಾಗಿ ಹಿಂಡಿದೆ. ಟಿವಿಯಲ್ಲಿ ಓಡಿತು. ಆದರೆ ಎಲ್ಲರ ಮುಖದ ಮೇಲೂ ಚೌಕಗಳು ಕುಣಿದವು. ಮಾವ ಸುಮ್ಮನೆ ನೋಡಿ, “ಎಲ್ಲರೂ ಯಾಕೆ ಬಾಯಿಗೆ ಟೈಲ್ಸ್ ಹಾಕಿಸ್ಕೊಂಡಿದ್ದಾರೆ?” ಎಂದು ಕೇಳಿ, ಗೋಡೆಯ ಕಡೆ ಹೊರಳಿದರಂತೆ.

ಆ ದಿನ ನನ್ನ ಹೆಂಡತಿ ಊಟಕ್ಕೆ ಕೂರಲಿಲ್ಲ.

“ರೀ, ಅಪ್ಪ ಗೋಡೆ ನೋಡ್ಕೊಂಡು ಮಲಗಿದ್ದಾರಂತೆ. ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳಿಬಿಡಿ.”

“ಬಿಟ್‌ರೇಟ್ ಅಂತ ಒಂದಿದೆ ಕಣೇ. ಚಿತ್ರದಲ್ಲಿ ಅಲುಗಾಡೋದು ಜಾಸ್ತಿ ಆದಷ್ಟೂ ಫೈಲಿಗೆ ಜಾಗ ಜಾಸ್ತಿ...”

“ಅಲುಗಾಡ್ತಿರೋದು ಯಾವುದು? ಅಮ್ಮ ಕೂತಲ್ಲೇ ಕೂತಿದ್ದಾಳೆ. ನೀವು ಅದರ ಮೇಲೆ ಸುರಿಸಿರೋ ಹೂವಿನ ಮಳೆ ತಾನೇ ಅಲುಗಾಡ್ತಿರೋದು? ಪುಟ ಮಗುಚೋದು, ಹತ್ತಿರ ಹೋಗೋದು, ದೂರ ಬರೋದು... ಇದೇನು ನಿಮ್ಮ ಕಾಲೇಜಿನ ವಾರ್ಷಿಕೋತ್ಸವವಾ?”

ಅವಳು ಕೈಪಿಡಿ ಓದಿದವಳಲ್ಲ. ಆದರೂ ಹೂವಿನ ಮಳೆ ನಿಲ್ಲಿಸಿದೆ. ಎಲ್ಲ ಅಲಂಕಾರ ಕಿತ್ತೆ. ಬರೀ ಗೋಡೆ, ಬರೀ ಮುಖ. ಗೋಡೆ ಅಲುಗಾಡದ್ದರಿಂದ ಅದಕ್ಕೆ ಜಾಗ ಬೇಕಾಗಲಿಲ್ಲ. ಉಳಿದದ್ದೆಲ್ಲ ಬಾಯಿಗೆ ಸಿಕ್ಕಿತು. ಚಿತ್ರದ ಅಳತೆಯನ್ನು ಆ ಟಿವಿಗೆ ಎಷ್ಟು ಬೇಕೋ ಅಷ್ಟಕ್ಕೆ ಇಳಿಸಿ, ಗುಣಮಟ್ಟವನ್ನು ಮಾತ್ರ ಬಿಗಿಯಾಗಿ ಹಿಡಿದು, ಹಳೆಯ ವಿಧಾನದಲ್ಲೇ ಫೈಲ್ ತೆಗೆದೆ. ನರ್ಸಮ್ಮನ ಮೊಬೈಲಿಗೆ ಸಲೀಸಾಗಿ ಇಳಿಯಿತು. ಟಿವಿಯಲ್ಲಿ ಓಡಿತು. ಮುಂದಿನ ಸಾಲಿನವರ ತುಟಿ ಹಾಗಿರಲಿ, ಹಿಂದಿನ ಸಾಲಿನವರ ತುಟಿಯ ಬಿರುಕೂ ಕಾಣುವಷ್ಟು ಸ್ಪಷ್ಟ. ಹೆಂಡತಿ ನನ್ನ ಭುಜ ತಟ್ಟಿದಳು. ನಾನು ಆ ಕ್ಷಣ, ಓದಿಸಿದ ಅಪ್ಪನನ್ನು ನೆನೆದೆ.

ಸಂಜೆ ನರ್ಸಮ್ಮನ ಫೋನಿನಿಂದ ಮಾವನೇ ಕರೆ ಮಾಡಿದರು. (ಅವರಿಗೆ ಫೋನು ಹೇಳುವುದಕ್ಕೆ ಮಾತ್ರ, ಕೇಳುವುದಕ್ಕಲ್ಲ.) ಎಲ್ಲರೂ ಕೇಳಲೆಂದು ಸ್ಪೀಕರ್ ಹಾಕಿದೆ.

“ಅಳಿಯಂದ್ರೇ, ವಿಡಿಯೋ ಬಂತು. ಬಹಳ ಚೆನ್ನಾಗಿದೆ. ನಿಮ್ಮ ಅತ್ತೆ ಒಂದು ವಾರ ಅಂದ್ಳು. ಹಿಂದೆ ನಿಂತು ನೀವು ಇನ್ನೊಂದು ಹೇಳಿದ್ರಿ. ಎರಡು ಸಲ ಹಾಕಿಸಿ ನೋಡ್ದೆ. ನಿಮ್ಮದೇ ನಿಜ ಅನ್ನಿಸ್ತು.” ಉಸಿರಿಗಾಗಿ ನಿಲ್ಲಿಸಿದರು. “ಇಲ್ಲಿ ಇನ್ನು ಏನು ಕೆಲ್ಸ? ಬಂದು ಕರ್ಕೊಂಡು ಹೋಗಿ.”

ಫೋನು ಕಟ್ಟಾಯಿತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಭಾವ ನನ್ನನ್ನು ನೋಡಲಿಲ್ಲ.

“ಶಬ್ದ ಅಳಿಸಿದ್ದೀನಿ ಅಂದ್ರಲ್ಲ?” ಎಂದಳು ಹೆಂಡತಿ.

“ಅಳಿಸಿದ್ದೆ ಕಣೇ. ಪೂರ್ತಿ ಅಳಿಸಿದ್ದೆ.”

“ಯಾರಿಗೆ ಕೇಳಿಸಬಾರದು ಅಂತ ಅಳಿಸಿದ್ರಿ? ಅಪ್ಪನಿಗಾ?”

ಹಿಂದಿನ ಮೂರು ಸೋಲುಗಳೂ ನನ್ನ ಮಾನ ಕಾಯುತ್ತಿದ್ದವೆಂಬುದು ಆಗ ಹೊಳೆಯಿತು.

ಭಾವನ ಮನೆಗೆ ಮೆಟ್ಟಿಲು ಹೆಚ್ಚು, ಆದ್ದರಿಂದ ಮಾವನನ್ನು ನಮ್ಮ ಮನೆಗೇ ತಂದೆವು. ನನ್ನ ಕೋಣೆ, ನನ್ನ ಮಂಚ ಅವರದಾಯಿತು. ಅಡುಗೆಮನೆಯ ಬಾಗಿಲಿನ ಪಕ್ಕದ ಚಾಪೆ ನನ್ನದಾಯಿತು. ಬಂದ ಮರುದಿನವೇ ಅವರು ನನ್ನನ್ನು ಹಾಸಿಗೆಯ ಹತ್ತಿರ ಕರೆದರು.

“ನನ್ನದೂ ವಿಡಿಯೋ ತೆಗೀರಿ. ಒಬ್ಬೊಬ್ಬರಿಗೂ ಬೇರೆ ಬೇರೆ. ನಾನು ಹೋದ್ಮೇಲೆ ಅವರವರಿಗೆ ಕೊಡಿ. ಎಲ್ಲರ ಫೋನಲ್ಲೂ ಓಡ್ಬೇಕು, ನೋಡ್ಕೊಳ್ಳಿ. ಆ ಹೂವು ಗೀವು ಬೇಡ.”

ಅತ್ತೆಗೆ ಒಂದು ಶುರುವಾಯಿತು, ಭಾವನಿಗೆ, ನನ್ನ ಹೆಂಡತಿಗೆ ಒಂದೊಂದು. ನನ್ನ ಸರದಿ ಬರುತ್ತದೆಂದು ಕಾದೆ. ಕೊನೆಗೆ ಸಂಕೋಚ ಬಿಟ್ಟು, ಬೆಳಕಿಗೆ ಮುಖ ಮಾಡಿ ಕೇಳಿಯೇಬಿಟ್ಟೆ.

“ನನಗೇನೂ ಇಲ್ವಾ ಮಾವ?”

ಅವರು ನನ್ನ ತುಟಿಯನ್ನೇ ನೋಡಿದರು.

“ನಿಮಗ್ಯಾಕೆ ಬೇರೆ? ಕತ್ತರಿಸಿ ಅಂಟಿಸೋವಾಗ ಎಲ್ಲರದನ್ನೂ ನೀವೇ ನೋಡ್ತೀರಲ್ಲ.”

ಈಗ ಮಾವ ದಿನಾ ಬೆಳಿಗ್ಗೆ ಗಡ್ಡ ಬೋಳಿಸಿಕೊಂಡು, ಬರೀ ಗೋಡೆಗೆ ಬೆನ್ನು ಕೊಟ್ಟು ಕೂತು, ಉಸಿರು ಸಾಲುವಷ್ಟು ಹೊತ್ತು ಕ್ಯಾಮೆರಾದ ಮುಂದೆ ಮಾತನಾಡುತ್ತಾರೆ.