ಮಾವನ ಕಾರಿನ ಸದ್ದು

ನನ್ನ ಸೋದರಮಾವನ ಕಾರಿಗೆ ಒಂದು ಕಾಯಿಲೆಯಿತ್ತು. ಕಾಯಿಲೆ ಕಾರಿಗಲ್ಲ ಎಂಬುದು ಅತ್ತೆಯ ಅಭಿಪ್ರಾಯ. ಇಪ್ಪತ್ತು ವರ್ಷ ಹಳೆಯ ಆ ಬಿಳಿ ಕಾರಿನ ಎಂಜಿನ್ನಿನೊಳಗಿಂದ ‘ಕೀಂ’ ಎಂಬ ಸಣ್ಣ ಸದ್ದು ಬರುತ್ತಿದೆಯೆಂದು ಮಾವ ಹೇಳುತ್ತಿದ್ದರು. ಅದು ಬೇರೆ ಯಾರಿಗೂ ಕೇಳಿಸುತ್ತಿರಲಿಲ್ಲ. ನಿಮಗೆ ಕಿವಿ ಸರಿಯಿಲ್ಲ ಎಂದು ಅವರು ಎಲ್ಲರಿಗೂ ಹೇಳಿದ್ದರು, ಅವರಿಗೆ ಔಷಧ ಕೊಡುತ್ತಿದ್ದ ಡಾಕ್ಟರಿಗೂ. ಆ ಪುಣ್ಯಾತ್ಮರು ಸಿಟ್ಟಾಗುವ ಬದಲು ತಮ್ಮ ಹಳೆಯ ಸ್ಟೆತಾಸ್ಕೋಪನ್ನೇ ಕೊಟ್ಟು ಕಳಿಸಿದರು. ಅಲ್ಲಿಂದ ಮುಂದೆ ಭದ್ರಾವತಿ ನ್ಯೂ ಟೌನಿನಲ್ಲಿ ದಿನಾ ಬೆಳಿಗ್ಗೆ ವೈದ್ಯಕೀಯ ತಪಾಸಣೆಯಾಗುತ್ತಿದ್ದ ಕಾರು ಅದೊಂದೇ.

ಒಮ್ಮೆ ಸೀರೆ ತರಲು ಶಿವಮೊಗ್ಗದ ಗಾಂಧಿ ಬಜಾರಿಗೆ ಹೊರಟಿದ್ದರು. ಹಿಂದಿನ ಸೀಟಿನಲ್ಲಿದ್ದ ಅತ್ತೆಗೆ ಬಳೆ ಬಿಚ್ಚಿಡು ಅಂದರಂತೆ. ಬಳೆ ಸದ್ದಿನಲ್ಲಿ ಎಂಜಿನ್ ಸದ್ದು ಬೆರೆತುಹೋಗುತ್ತದೆಯಂತೆ! ಅತ್ತೆ ಬಳೆ ಬಿಚ್ಚಲಿಲ್ಲ, ಕಾರಿನಿಂದಲೇ ಇಳಿದು ಬಸ್ಸು ಹತ್ತಿದರು. ಮಾವನಿಗಿಂತ ಮೊದಲೇ ಅಂಗಡಿ ಸೇರಿ ಎರಡು ಸೀರೆ ಹೆಚ್ಚಿಗೆ ಆರಿಸಿಟ್ಟಿದ್ದರು.

ಆ ವರ್ಷ ಕಾರಿನ ದೊಡ್ಡ ಸರ್ವಿಸ್ ಬಂತು. ಎಂಜಿನ್ ಬಿಚ್ಚಿದಾಗಲೇ ಸದ್ದು ಸಿಕ್ಕಿಬೀಳಬೇಕು ಎಂದು ಮಾವ ನಿರ್ಧರಿಸಿದರು. ಶಿವಮೊಗ್ಗದಲ್ಲಿ ದಾದಾಪೀರ್ ಅಂತ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದ, ತಾಳ್ಮೆಗೆ ಹೆಸರಾದವನು. ಮಾವ ಅವನ ಗ್ಯಾರೇಜಿನಲ್ಲಿ ಸ್ಟೂಲು ಹಾಕಿಕೊಂಡು ಮೂರು ದಿನ ಕೂತರು. ಅವನು ವಾಲ್ವ್ ಉಜ್ಜಿದ, ಚೈನು ಬದಲಿಸಿದ, ಕಾರ್ಬುರೇಟರ್ ತೊಳೆದ, ಫ್ಯಾನ್ ಬೆಲ್ಟ್ ಹೊಸದು ಹಾಕಿದ. ಪ್ರತಿಸಲವೂ ಮಾವ ಸ್ಟೆತಾಸ್ಕೋಪ್ ಇಟ್ಟು, ಕಣ್ಣು ಮುಚ್ಚಿ, ರೋಗಿಯ ಕಡೆಯವರಿಗೆ ಹೇಳುವ ಹಾಗೆ ತಲೆಯಾಡಿಸಿದರು: “ಇದೆ.”

ನಾಲ್ಕನೆಯ ದಿನ ದಾದಾಪೀರ್ ಗಾಡಿಯನ್ನು ಗಾಜನೂರಿನವರೆಗೆ ಓಡಿಸಿ ನೋಡೋಣ ಎಂದ. ಶಿವಮೊಗ್ಗದಲ್ಲೇ ಟೀಚರಾಗಿದ್ದ ನನ್ನನ್ನು ಮಾವ ಸಾಕ್ಷಿಗೆಂದು ಕರೆಸಿಕೊಂಡರು. ಅವರು ಓಡಿಸಿದರು, ನಾವಿಬ್ಬರು ಕಿವಿ ನಿಮಿರಿಸಿ ಕೂತೆವು. ಗಾಡಿ ಬೆಣ್ಣೆಯ ಹಾಗೆ ಹೋಯಿತು. ಅಣೆಕಟ್ಟಿನ ಹತ್ತಿರ ನಿಲ್ಲಿಸಿ, ಕಾರಿಗೆ ಒರಗಿಕೊಂಡು ಟೀ ಕುಡಿಯುತ್ತಿದ್ದಾಗ ಮಾವ ಥಟ್ಟನೆ ಗ್ಲಾಸು ಕೆಳಗಿಳಿಸಿ, “ಕೇಳಿ. ಈಗ ಸ್ಪಷ್ಟವಾಗಿ ಬರ್ತಿದೆ” ಅಂದರು.

ದಾದಾಪೀರ್ ನನ್ನ ಮುಖ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ: “ಸಾರ್, ಗಾಡಿ ಆಫ್ ಆಗಿ ಹತ್ತು ನಿಮಿಷ ಆಯ್ತು.”

ಅದು ಮಾವನಿಗೆ ಕೇಳಿಸಲಿಲ್ಲ. ಅವನು ಇನ್ನೊಮ್ಮೆ ಹೇಳಬೇಕಾಯಿತು.

ಮಾವ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದರು. ನೀರಿನ ಕಡೆಗೆ ಇಪ್ಪತ್ತು ಹೆಜ್ಜೆ ನಡೆದರು. ನಿಂತರು. ಇನ್ನೂ ಇಪ್ಪತ್ತು ಹೆಜ್ಜೆ ಹೋಗಿ ಮತ್ತೆ ನಿಂತರು. ನನಗೆ ನಗು ಬರಬೇಕಿತ್ತು. ಎಷ್ಟೋ ದಿನದಿಂದ ಕಾದಿದ್ದ ನಗು ಅದು. ಅವರು ವಾಪಸ್ಸು ಬರುತ್ತಿದ್ದ ರೀತಿ ನೋಡಿ ಬರಲಿಲ್ಲ.

“ಸದ್ದು ಅಲ್ಲಿಗೂ ಬಂತು” ಅಂದರು. ಆಮೇಲೆ, “ಹಂಗಾದ್ರೆ ಗಾಡೀದೇನೂ ತಪ್ಪಿಲ್ಲ” ಎಂದು ದಾದಾಪೀರನ ಹೆಗಲು ತಟ್ಟಿದರು. ಅವನು ಟೀ ಗ್ಲಾಸು ವಾಪಸ್ಸು ಕೊಡುವ ನೆಪ ಮಾಡಿ ಅಂಗಡಿ ಕಡೆ ಹೋದ.

ನಾವಿಬ್ಬರೇ ಉಳಿದಾಗ ಮಾವ, “ಹೋದ ತಿಂಗಳು ಲಾರಿಯವನು ಹಿಂದಿನಿಂದ ಹಾರನ್ ಹೊಡೆದಿದ್ದು ನಂಗೆ ಕೇಳ್ಲೇ ಇಲ್ಲ ಮಾರಾಯ್ತಿ. ಒಂದು ಗೇಣಲ್ಲಿ ಉಳ್ಕೊಂಡೆ. ನಿಮ್ಮತ್ತೆಗೆ ಹೇಳಿಲ್ಲ” ಅಂದರು. ಜೇಬಿನಿಂದ ಕೀಲಿಕೈ ತೆಗೆದು ನನ್ನ ಕೈಗಿಟ್ಟರು. ಕಾರು ಕೊಂಡಾಗಿನಿಂದ ಅದನ್ನು ಅವರು ಹೆತ್ತ ಮಗನಿಗೂ ಕೊಟ್ಟವರಲ್ಲ.

ವಾಪಸ್ಸು ನಾನೇ ಓಡಿಸಿದೆ. ಶಿವಮೊಗ್ಗ ಹತ್ತಿರವಾದಾಗ ಹಿಂದೆ ಒಂದು ಬಸ್ಸು ಬಂತು. ಪಕ್ಕದಲ್ಲಿ ಕೂತಿದ್ದ ಮಾವ ಕನ್ನಡಿಯಲ್ಲಿ ಅದನ್ನು ನೋಡಿದರು.

“ಹಾರನ್ ಹೊಡೀತಿದಾನಾ?” ಎಂದು ಕೇಳಿದರು.

“ಹೊಡೀತಿದಾನೆ ಮಾವ.”

ಬಸ್ಸು ನಮ್ಮನ್ನು ದಾಟಿಹೋಗುವ ತನಕ ಅವರು ನನ್ನ ತುಟಿಗಳನ್ನೇ ನೋಡುತ್ತ ಕೂತಿದ್ದರು.