ನಾಲ್ಕನೆಯ ಹಂಸದ ಕುತ್ತಿಗೆ

ನಾಲ್ಕನೆಯ ಹಂಸಕ್ಕೆ ಕುತ್ತಿಗೆಯೇ ಇರಲಿಲ್ಲ. ಅಷ್ಟೂ ರಾದ್ಧಾಂತಕ್ಕೆ ಅದೇ ಮೂಲ.

ನಮ್ಮ ದ್ವೀಪದ ಫೆಸ್ಟಿ ಹೆಣೆಯಲು ಕೂತರೆ ಅಟ್ಲಾಂಟಿಕ್ ಸಮುದ್ರವೇ ಅಲೆ ನಿಲ್ಲಿಸಿ ನೋಡುತ್ತಿತ್ತು. ಅವನ ಲೇಸ್ ಶಾಲು ಎಷ್ಟು ತೆಳುವೆಂದರೆ, ಹೊದ್ದವರು ಹೊದ್ದದ್ದೇ ಮರೆತು ಮನೆಯೆಲ್ಲ ಅದನ್ನೇ ಹುಡುಕುತ್ತಿದ್ದರು. ಸುಳ್ಳೆನ್ನುವವರು ದೋಣಿ ಹತ್ತಿ ಬರಲಿ. ಹಳೆಯ ಕಥೆಯಲ್ಲಿ ಮಲತಾಯಿಯ ಶಾಪದಿಂದ ಹಂಸಗಳಾಗಿ ಒಂಬೈನೂರು ವರ್ಷ ನೀರಲ್ಲಿ ತೇಲಿದ ನಾಲ್ಕು ರಾಜಮಕ್ಕಳನ್ನು ಈ ಚಳಿಗಾಲವೆಲ್ಲ ಕೂತು ಶಾಲಿನ ನಾಲ್ಕು ಮೂಲೆಗೆ ಹೆಣೆದಿದ್ದ. ಇವತ್ತು ಮೊಮ್ಮಗಳ ಜ್ಞಾನಸ್ನಾನ. ಕೂಸು ಈ ಶಾಲು ಹೊದ್ದೇ ಚರ್ಚಿಗೆ ಹೋಗಬೇಕು, ಅದೊಂದೇ ಅವನ ಆಸೆ.

ಅಡ್ಡಗಾಲು ಡೀಲಿಯಾಳದ್ದು. ಫೆಸ್ಟಿಯ ತೀರಿಹೋದ ಹೆಂಡತಿಯ ಅಕ್ಕ. ಕೂಸನ್ನು ಎತ್ತಿಕೊಂಡು ಹೋಗುವ ಹಕ್ಕು ಅವಳದು. ಮೊಸರಲ್ಲಿ ಕಲ್ಲು ಹುಡುಕಿ, ಸಿಗದಿದ್ದರೆ ತಾನೇ ಒಂದು ಹಾಕಿ ತೆಗೆಯುವ ಹೆಂಗಸು. "ಗಂಡಸಿನ ಹೆಣಿಗೆ. ಒಂದು ಕುಣಿಕೆ ತಪ್ಪಿದ್ರೂ ಕೂಸು ನನ್ನ ಕಂಬಳೀಲೇ ಹೋಗುತ್ತೆ" ಎಂದು ಸಾರಿಬಿಟ್ಟಿದ್ದಳು.

ಬೆಳಿಗ್ಗೆ ಚಹಾಕ್ಕೆ ಬಂದ ಪಕ್ಕದ ಮನೆಯ ಮುದುಕಿ ಪೆಗೀನ್ ಶಾಲು ಬಿಡಿಸಿ ನೋಡಿದಳು.

"ಮೂರು ಹಂಸ ಸರಿ ಫೆಸ್ಟಿ. ಈ ಕೋಳಿ ಯಾವ ರಾಜನ ಮಗಳು?"

ಫೆಸ್ಟಿಯ ಕೈಯಲ್ಲಿದ್ದ ಕುದಿಯುವ ಚಹಾ ಆ ಕ್ಷಣವೇ ತಣ್ಣಗಾಯಿತು.

"ಇರ್ಲಿ ಬಿಡು. ತಪ್ಪಿಲ್ಲದ ಕೆಲಸದ ಮೇಲೆ ಗುಡ್ಡದೊಳಗಿನ ಮಾಯಾಜನರ, ನಾವು ಭಯಕ್ಕೆ 'ಒಳ್ಳೆ ಜನ' ಅನ್ನೋರ, ಕಣ್ಣು ಬೀಳುತ್ತೆ, ರಾತ್ರೋರಾತ್ರಿ ಎತ್ಕೊಂಡು ಹೋಗ್ತಾರೆ. ನಮ್ಮಜ್ಜಿ ಬೇಕಂತ್ಲೇ ಒಂದು ತಪ್ಪು ಬಿಡ್ತಿದ್ಲು" ಎಂದಳು ಪೆಗೀನ್.

"ಗುಡ್ಡದವರನ್ನ ಹೇಗಾದ್ರೂ ಒಲಿಸ್ಕೊಳ್ಳಬಹುದು. ಡೀಲಿಯಾನ ನೀನು ಒಲಿಸ್ತೀಯಾ?"

ಪೆಗೀನ್ ನೂಲು ಹಿಡಿಯಲು ಎರಡೂ ಕೈ ಚಾಚಿದಳು.

ಫೆಸ್ಟಿ ಮೂಲೆ ಬಿಚ್ಚಿದ. ಕುತ್ತಿಗೆ ಬಂತು, ಕೊಕ್ಕು ಹೋಯಿತು. ಕೊಕ್ಕು ಕೂರಿಸುವಾಗ ಪೆಗೀನ್ ಸೀನಿದಳು, ಮೂರನೆಯ ಹಂಸದ ಬಾಲವೂ ಬಿಚ್ಚಿಕೊಂಡಿತು. ನೂಲಿನ ಉಂಡೆ ಅಂಗಳಕ್ಕೆ ಉರುಳಿ ನಿಜವಾದ ಕೋಳಿಯ ಕಾಲಿಗೆ ಸುತ್ತಿಕೊಂಡಿತು. ಕೋಳಿ ಅಂಗಳದ ಸೌದೆ, ಬೇಲಿ, ಕತ್ತೆ ಎಲ್ಲವನ್ನೂ ಸೇರಿಸಿ ಒಂದು ಹೊಸ ಶಾಲನ್ನೇ ಹೆಣೆಯಿತು. ಚರ್ಚಿನ ಗಂಟೆ ಬಾರಿಸಿದಾಗ ಫೆಸ್ಟಿ ನಡೆಯುತ್ತಲೇ ಹೆಣೆಯುತ್ತಿದ್ದ. ಕೊನೆಯ ಗಂಟು ಹಾಕಿದ್ದು ಚರ್ಚಿನ ಮೆಟ್ಟಿಲ ಮೇಲೆ.

ಡೀಲಿಯಾ ಕನ್ನಡಕ ಏರಿಸಿ ಶಾಲನ್ನು ಬೆಳಕಿಗೆ ಹಿಡಿದಳು. ಒಳಗೆ ಪಾದ್ರಿಗಳು ಕೆಮ್ಮಿದರು. ಅವಳು ಹಂಸಗಳ ರೆಕ್ಕೆಯ ಸಂದಿಯನ್ನೂ ಬಿಡಲಿಲ್ಲ.

"ತಪ್ಪೇ ಇಲ್ಲ" ಎಂದಳು.

ಫೆಸ್ಟಿಯ ಎದೆ ಉಬ್ಬಿದ ರಭಸಕ್ಕೆ ಅಂಗಿಯ ಗುಂಡಿಯೊಂದು ಕಿತ್ತು ಹಾರಿತು.

"ಒಂದೂ ಇಲ್ವಲ್ಲೋ. ಬುದ್ಧಿ ಇದೆಯಾ ನಿನಗೆ? ಇನ್ನೂ ತೀರ್ಥ ಬೀಳದ ಕೂಸಿಗೆ ತಪ್ಪಿಲ್ಲದ್ದನ್ನ ಹೊದಿಸಿದ್ರೆ ಒಳ್ಳೆ ಜನ ಶಾಲಿನ ಜೊತೆ ಕೂಸನ್ನೂ ಒಯ್ತಾರೆ."

"ನೀನೇ ಅಲ್ವಾ ಡೀಲಿಯಾ, ತಪ್ಪಿದ್ರೆ ಹೊದಿಸಲ್ಲ ಅಂದಿದ್ದು?"

"ತಪ್ಪಿದ್ರೆ ಹೊದಿಸಲ್ಲ ಅಂದಿದ್ದೆ. ಇಲ್ಲದಿದ್ರೆ ಹೊದಿಸ್ತೀನಿ ಅಂದಿದ್ನಾ?"

ಕೂಸಿಗೆ ತನ್ನ ಕಂಬಳಿ ಸುತ್ತಿದಳು. ಹುಳ ತಿಂದ ತೂತಿನಿಂದ ಪುಟ್ಟ ಹೆಬ್ಬೆರಳೊಂದು ಹೊರಬಂದು, ಅಜ್ಜನತ್ತ ಆಡುತ್ತಾ ಚರ್ಚಿನೊಳಗೆ ಹೋಯಿತು.

ಮೆಟ್ಟಿಲ ಮೇಲೆ ಚಳಿಗಾಳಿ ಬೀಸುತ್ತಿತ್ತು. ನೂಲು ಹಿಡಿದು ಜೊತೆಗೇ ಬಂದಿದ್ದ ಪೆಗೀನ್ ಶಾಲನ್ನು ಫೆಸ್ಟಿಯ ಹೆಗಲಿಗೇ ಹಾಕಿದಳು.

"ನೀನೇ ಹೊದ್ಕೋ. ನಿನ್ನನ್ನ ಯಾರೂ ಒಯ್ಯಲ್ಲ. ನಿನ್ನಲ್ಲಿ ತಪ್ಪು ಬೇಕಾದಷ್ಟಿದೆ."